ಹಿತ್ತಿಲಿನಲ್ಲಿ ನನ್ನ ಆರನೇ ಒಂದು ಪಾಲು

ಮೇಲಿನ ಮನೆ ಬೇಕೋ ಕೆಳಗಿನದು ಬೇಕೋ ಎಂದು ಮೊದಲು ಕೇಳಿದ್ದು ನನ್ನನ್ನೇ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಹೇಳಲಿರುವುದೆಲ್ಲ ಹೊಟ್ಟೆಕಿಚ್ಚಿನ ಮಾತು. ಆ ಕಿಚ್ಚಿಗೆ ಕಡ್ಡಿ ಗೀರಿದವಳೂ ನಾನೇ ಆದ್ದರಿಂದ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡ ವಿಮಾ ಕಂಪನಿಯಲ್ಲಿದ್ದರು, ಮೈದುನ ಬ್ಯಾಂಕಿನಲ್ಲಿ. ಅಣ್ಣತಮ್ಮಂದಿರಿಬ್ಬರಿಗೂ ಹೆಚ್ಚೂಕಡಿಮೆ ಒಂದೇ ಕಾಲಕ್ಕೆ ಚೆನ್ನೈಗೆ ವರ್ಗವಾಗಿತ್ತು. ಕೆಲವು ವರ್ಷ ಬಾಡಿಗೆ ಮನೆಗಳಲ್ಲಿ ತಿರುಗಿ ಸಾಕಾಗಿ, ಪಲ್ಲಾವರಂನಲ್ಲಿ ಹೊಸದಾಗಿ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಇಬ್ಬರೂ ಒಂದೊಂದು ಫ್ಲ್ಯಾಟು ಕೊಂಡರು. ಮೂರು ಅಂತಸ್ತು, ಅಂತಸ್ತಿಗೆ ಎರಡರಂತೆ ಆರು ಮನೆ. ನಮಗೆ ಸಿಕ್ಕಿದ್ದು ಹಿಂಭಾಗದ ಎರಡು. ಒಂದು ನೆಲದ ಮಟ್ಟದಲ್ಲಿ, ಇನ್ನೊಂದು ಎರಡನೇ ಮಹಡಿಯಲ್ಲಿ. ನಾನು ಹಿರಿಸೊಸೆ, ಆರಿಸುವ ಹಕ್ಕು ನನ್ನದು. ಗೋಡೆಗೆ ಇನ್ನೂ ಗಾರೆ ಬಿದ್ದಿರಲಿಲ್ಲ. ಮರಳಿನ ಗುಡ್ಡೆಯ ಪಕ್ಕದಲ್ಲಿ ನಿಂತು ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, "ಅಕ್ಕ, ನಿಮಗೆ ಯಾವುದು ಬೇಕೋ ತಗೊಳ್ಳಿ. ಉಳಿದಿದ್ದು ನಮಗಿರ್ಲಿ" ಎಂದಳು.

ನಾನು ಒಂದು ಗಳಿಗೆಯೂ ಯೋಚಿಸದೆ "ಮೇಲಿಂದು" ಎಂದೆ.

ಮಂಡ್ಯದ ಕಡೆಯ ನಮ್ಮೂರಿನಲ್ಲಿ ಮಹಡಿ ಮನೆ ಅಂತ ಇದ್ದದ್ದು ಒಂದೇ. ಆ ಮನೆಯವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಮಹಡಿ ಮನೆಯೋರು' ಅಂದರೆ ಸಾಕಿತ್ತು. ಸಂಜೆ ಆ ಮನೆಯ ಹೆಂಗಸರು ತಲೆ ಬಾಚಿಕೊಂಡು ಮೇಲೆ ಬಂದು ನಿಂತರೆ ನಾವು ಬೀದಿಯಲ್ಲಿ ಆಟ ನಿಲ್ಲಿಸಿ ಕತ್ತೆತ್ತಿ ನೋಡುತ್ತಿದ್ದೆವು. ಕೆಳಮನೆ ಅಂದರೆ ನನ್ನ ಲೆಕ್ಕದಲ್ಲಿ ರಾಗಿ ಮೂಟೆ ಇಡುವ ಜಾಗ. ನಾನು ಮಹಡಿಯವಳಾಗುವುದು, ಓರಗಿತ್ತಿ ನನ್ನ ಕಾಲ ಕೆಳಗೆ ಸಂಸಾರ ಮಾಡುವುದು, ಇಂಥ ಸುಖವನ್ನು ಕೈಗಿಟ್ಟರೆ ಯಾರು ಬೇಡವೆನ್ನುತ್ತಾರೆ? ಆದರೆ ಇದು ಮಂಡ್ಯವಲ್ಲ, ಮದ್ರಾಸು. ಇಲ್ಲಿ ಬೀದಿ ತುಂಬ ಮಹಡಿಗಳೇ. ಇಲ್ಲಿ ಇಲ್ಲದ್ದು ನೆಲ. ಅದು ನನಗೆ ಗೊತ್ತಾದದ್ದು ಹಾಲುಕ್ಕಿಸಿ ಒಕ್ಕಲಾದ ಮೇಲೆ.

ಮನೆ ಕಟ್ಟುವಾಗ ಸುತ್ತಲೂ ಇಷ್ಟಿಷ್ಟು ಜಾಗ ಖಾಲಿ ಬಿಡಬೇಕು ಎಂಬ ಕಾನೂನಿತ್ತು. ನಮ್ಮ ಬಿಲ್ಡರು ಮೂರು ಕಡೆ, ಮನುಷ್ಯ ಅಡ್ಡ ತಿರುಗಿ ನುಸುಳುವಷ್ಟು ಬಿಟ್ಟು ಕೈತೊಳೆದುಕೊಂಡಿದ್ದರು. ಹಿಂದೆ ಮಾತ್ರ, ಸೈಟೇ ಸೊಟ್ಟಗಿದ್ದದ್ದರಿಂದ, ಮೂರು ಮೂಲೆಯ ಒಂದು ತುಂಡು ನೆಲ ಉಳಿದುಬಿಟ್ಟಿತ್ತು. ಕಾಗದಪತ್ರದ ಪ್ರಕಾರ ಅದು ಆರೂ ಮನೆಯವರದು, ಒಬ್ಬೊಬ್ಬರಿಗೆ ಆರನೇ ಒಂದು ಪಾಲು, ಆದರೆ ಪಾಲು ಎಲ್ಲಿಂದ ಎಲ್ಲಿಗೆ ಎಂದು ಯಾರೂ ಗೆರೆ ಎಳೆಯುವಂತಿಲ್ಲ. ಆ ನೆಲಕ್ಕೆ ತೆರೆಯುವ ಬಾಗಿಲು ಇದ್ದದ್ದು ಒಂದೇ, ನನ್ನ ಓರಗಿತ್ತಿಯ ಅಡಿಗೆಮನೆಯದು. ಅವಳು ಬಾಗಿಲು ತೆರೆದಳು, ಹೊರಗೆ ಕಾಲಿಟ್ಟಳು, ಹಿತ್ತಿಲು ಅವಳದಾಯಿತು.

ಅವಳು ತುಮಕೂರು ಸೀಮೆಯವಳು. ಮಣ್ಣು ಕಂಡರೆ ಕೈ ಸುಮ್ಮನಿರದು. ಬಂದ ವಾರವೇ ಸಿಮೆಂಟಿನ ಚಕ್ಕೆ, ಇಟ್ಟಿಗೆ ಚೂರು ಎಲ್ಲ ಆರಿಸಿ ಹಾಕಿದಳು. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೇ ಫ್ಯಾನಿನಿಂದ ಹಿಡಿದು ಪಾರಿವಾಳದವರೆಗೆ ಸಿಗದಿರುವುದಿಲ್ಲ. ಅಲ್ಲಿಂದ ಅವಳು ಗಿಡ ಹೊತ್ತು ತಂದಳು. ಕರಿಬೇವು, ಮಲ್ಲಿಗೆ, ಕನಕಾಂಬರ, ದಾಸವಾಳ, ಗೋಡೆಗೆ ಒರಗಿದ ಹಾಗೆ ಹೀರೆಯ ಚಪ್ಪರ, ಮೂಲೆಯಲ್ಲಿ ಪಾತ್ರೆ ತೊಳೆದ ನೀರು ಕುಡಿದು ಕೊಬ್ಬಿದ ಬಾಳೆ. ಎರಡು ವರ್ಷದಲ್ಲಿ ಅದು ತೋಟವಾಯಿತು. ನಾನು ನನ್ನ ಹಿಂದಿನ ಬಾಲ್ಕನಿಯ ಕಬ್ಬಿಣದ ಸರಳಿಗೆ ಮುಖ ಒತ್ತಿ ನಿಂತು ನೋಡುತ್ತಿದ್ದೆ. ಒಗ್ಗರಣೆಗೆ ಎಣ್ಣೆ ಕಾಯುತ್ತಿರುವಾಗ ಅವಳು ಹೊರಗೆ ಬಂದು ಒಂದು ಎಸಳು ಕರಿಬೇವು ಚಿವುಟಿಕೊಂಡು ಒಳಗೆ ಹೋಗುವುದಿತ್ತಲ್ಲ, ಆ ಒಂದು ಚಿವುಟುವಿಕೆಗೆ ನನ್ನ ಹೊಟ್ಟೆಯಲ್ಲಿ ಎಣ್ಣೆ ಕಾಯುತ್ತಿತ್ತು. ನನ್ನ ಕರಿಬೇವು ಫ್ರಿಜ್ಜಿನ ಪ್ಲಾಸ್ಟಿಕ್ ಕವರಿನಲ್ಲಿ ಕಪ್ಪಗಾಗಿ ಬಿದ್ದಿರುತ್ತಿತ್ತು.

ನಾನೂ ಕುಂಡ ಇಟ್ಟೆ. ಬಾಲ್ಕನಿಯ ಬಿಸಿಲಿಗೆ ಕುಂಡದ ಮಣ್ಣು ಮಧ್ಯಾಹ್ನಕ್ಕೆಲ್ಲ ಹುರಿದ ರವೆಯಾಗುತ್ತಿತ್ತು. ಸಂಜೆ ನೀರು ಹಾಕಿದರೆ ಕೆಳಗೆ ಸೋರಿ ಮೊದಲ ಮಹಡಿಯವರು ಒಣಹಾಕಿದ ಸೀರೆಯ ಮೇಲೆ ಬಿದ್ದು ಜಗಳ. ಒಂದು ತುಳಸಿ, ಒಂದು ಗುಲಾಬಿ, ಇನ್ನೊಂದು ತುಳಸಿ, ಎಲ್ಲ ಸಾಲಾಗಿ ಒಣಗಿದವು. ಎರಡನೆಯ ತುಳಸಿ ಒಣಗಿದ ದಿನ ಅದನ್ನು ಯಾರಿಗೂ ಕಾಣದಂತೆ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ದೂರದಲ್ಲಿ ಹಾಕಿ ಬಂದೆ. ಓರಗಿತ್ತಿಗೆ ತಿಳಿದರೆ "ಇನ್ನೊಂದು ಕೊಡ್ತೀನಿ ಅಕ್ಕ" ಅನ್ನುತ್ತಿದ್ದಳು. ಆ ಮಾತನ್ನು ಕೇಳುವ ತ್ರಾಣ ನನಗಿರಲಿಲ್ಲ.

ಗಿಡದ್ದಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ನನ್ನ ಮನೆಯವರೆಲ್ಲ ಒಬ್ಬೊಬ್ಬರಾಗಿ ಕೆಳಕ್ಕಿಳಿದರು. ನನ್ನ ಗಂಡ ಪ್ಯಾರೀಸ್ ಕಾರ್ನರಿನ ಆಫೀಸಿನಿಂದ ಲೋಕಲ್ ಟ್ರೈನಿನಲ್ಲಿ ಬೆವರಿ ಹಿಪ್ಪೆಯಾಗಿ ಬರುತ್ತಿದ್ದರು. ಬಂದವರು ಮೊದಲು ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತಮ್ಮನ ಜೊತೆ ಒಂದು ಲೋಟ ಕಾಫಿ ಕುಡಿದು ಆಮೇಲೆ ಮೇಲೆ ಹತ್ತುತ್ತಿದ್ದರು. ನಾನು ಇಳಿಸಿದ ಡಿಕಾಕ್ಷನ್ ಆರಿ ಹೋಗಿರುತ್ತಿತ್ತು. "ಇಲ್ಲೇನು ಕಾಫಿ ಇಲ್ವಾ?" ಎಂದು ಕೇಳಿದರೆ "ಇಲ್ಲಿ ಗಾಳಿ ಇಲ್ಲ ಕಣೇ" ಎನ್ನುತ್ತಿದ್ದರು. ಎರಡನೇ ಮಹಡಿಯಲ್ಲಿ ಗಾಳಿ ಇಲ್ಲವಂತೆ! ಊರಿಂದ ಅತ್ತೆ ಬಂದರೆ ಅವರೂ ಅಷ್ಟೆ. ಬೆಳಿಗ್ಗೆಯಿಂದ ಅದೇ ಕಲ್ಲಿನ ಮೇಲೆ ಕೂತು ಬಾಳೆಗಿಡದ ಜೊತೆ ಮಾತಾಡುತ್ತಿದ್ದರು. ಊಟಕ್ಕೆ ಮಾತ್ರ ಮಂಡಿ ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತುತ್ತಿದ್ದರು.

ಮಗಳಿಗೆ ಸ್ಕೂಲಿನಲ್ಲಿ ನಮ್ಮ ಮನೆಯ ಚಿತ್ರ ಬರೆಯಲು ಹೇಳಿದ್ದರು. ಅವಳು ಬರೆದಿದ್ದು ಒಂದು ಬಾಗಿಲು, ಬಾಳೆಗಿಡ, ಚಪ್ಪರ, ಕೆಂಪು ಹೂವು. "ಇದ್ಯಾರ ಮನೆ?" ಎಂದೆ. "ನಮ್ಮ ವೀಡುದಾನ್‌ಮ್ಮಾ" ಎಂದಳು ತನ್ನ ತಮಿಳಿನಲ್ಲಿ. "ನಮ್ಮನೆ ಮೇಲೆ ಅಲ್ವೇನೇ?" ಎಂದರೆ ಪೆನ್ಸಿಲು ತೆಗೆದುಕೊಂಡು ಹಾಳೆಯ ತುದಿಯಲ್ಲಿ ಜಾಗ ಸಾಲದೆ ಒಂದು ಕಿಟಕಿ ಬರೆದಳು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಆ ದಿನ ನಾನು ಮಗುವಿನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಒಂದು ಚಳಿಗಾಲ, ಮದ್ರಾಸಿನಲ್ಲಿ ಚಳಿಗಾಲ ಎಂದು ಕರೆಯುವ ಆ ಎರಡು ವಾರ, ಓರಗಿತ್ತಿ ತವರಿನಿಂದ ಬೀಜ ತಂದು ಬಿತ್ತಿದ್ದ ಅವರೆ ಕಾಯಿಗೆ ಬಂತು. ಇಡೀ ಸಂಸಾರ ಕೆಳಗೆ ಕೂತು ಅವರೆಕಾಳು ನೆನೆಹಾಕಿ ಹಿತುಕಿ, ಹಿತಕಬೇಳೆ ಸಾರು ಮಾಡಿ, ಎಲ್ಲರೂ ಆಹಾ ಓಹೋ ಎಂದರು. ನನ್ನ ಗಂಡನಿಗಂತೂ ಕಣ್ಣಲ್ಲಿ ನೀರೇ ಬಂತು. ನಾನು ಬಟ್ಟಲೆತ್ತಿ ಮೂಸಿ "ಸೊಗಡೇ ಇಲ್ವಲ್ಲ" ಎಂದೆ. ನಿಜಕ್ಕೂ ಇರಲಿಲ್ಲ. ಇಬ್ಬನಿ ಬೀಳದ ಊರಿನಲ್ಲಿ ಅವರೆಗೆ ಸೊಗಡೆಲ್ಲಿಂದ ಬರಬೇಕು? ಓರಗಿತ್ತಿಯ ಮುಖ ಸಣ್ಣಗಾಯಿತು. "ಹೂಂ ಅಕ್ಕ, ಇಲ್ಲ ನೋಡಿ" ಎಂದಳು. ನಾನು ಎರಡನೇ ಸಲ ಬಡಿಸಿಕೊಂಡೆ.

ಆದರೆ ನನ್ನ ಪಾಲಿಗೂ ಒಂದಿತ್ತು. ಕಾಂಪೌಂಡಿನ ಆಚೆ ಆಗ ಯಾರೂ ಮನೆ ಕಟ್ಟಿರಲಿಲ್ಲ. ಸೀಮೆಜಾಲಿ ಬೆಳೆದ ಖಾಲಿ ಜಾಗ, ಅದರಾಚೆ ನಾಲ್ಕೈದು ತಾಳೆಮರ, ಅದರಾಚೆ ಮಳೆ ಬಿದ್ದರೆ ತುಂಬುವ ಕೆರೆ, ಎಮ್ಮೆಗಳು, ಎಡಕ್ಕೆ ಕಲ್ಲು ಒಡೆದು ಅರ್ಧವಾಗಿದ್ದ ಗುಡ್ಡ. ಗುಡ್ಡದ ನೆತ್ತಿ ಸವರಿಕೊಂಡು ವಿಮಾನಗಳು ಇಳಿಯುತ್ತಿದ್ದವು. ಇದಿಷ್ಟೂ ನನ್ನ ಬಾಲ್ಕನಿಗೆ ಸೇರಿದ್ದು. ಕೆಳಗಿನವಳಿಗೆ ಕಾಂಪೌಂಡ್ ಗೋಡೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅವಳು ಮೇಲೆ ಬಂದಾಗಲೆಲ್ಲ ಬೇರೆ ಕೋಣೆಯಲ್ಲಿ ಕೂರಿಸದೆ ಸೀದಾ ಬಾಲ್ಕನಿಗೆ ಕರೆದುಕೊಂಡು ಹೋಗುತ್ತಿದ್ದೆ. "ನೋಡು, ಕೆರೆ ಹೆಂಗೆ ಹೊಳೀತಾ ಅದೆ!" ಒಂದು ಸಲ ಅವಳು ನಿಂತು ನೋಡಿದಳು. ಚೆನ್ನಾಗಿಯೇ ನೋಡಿದಳು. ಆಮೇಲೆ, ನನ್ನನ್ನು ಚುಚ್ಚಬೇಕೆಂದೇನೂ ಅಲ್ಲ, ಅವಳಿಗೆ ಅಂಥ ಬುದ್ಧಿ ಇರಲಿಲ್ಲ, "ಚೆನ್ನಾಗೈತೆ ಅಕ್ಕ. ಆದ್ರೆ ಇದ್ಯಾವುದೂ ನಮ್ದಲ್ವಲ್ಲ" ಎಂದಳು.

ಅವಳ ಬಾಯಿಂದ ಬಂದ ಮಾತು ಹುಸಿಯಾಗಲಿಲ್ಲ. ಹೊಸ ಶತಮಾನ ಬಂದದ್ದೇ ತಡ, ಸೀಮೆಜಾಲಿಯ ಮೇಲೆ ಜೆಸಿಬಿ ಬಂತು. ಕೆರೆಯ ದಡಕ್ಕೆ ಲಾರಿಗಟ್ಟಲೆ ಮಣ್ಣು ಬಂತು. ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಹಾಗೆ ನಾಲ್ಕು ಅಂತಸ್ತು ಎದ್ದಿತು. ಮೊದಲು ಎಮ್ಮೆಗಳು ಹೋದವು, ಆಮೇಲೆ ಕೆರೆ, ಆಮೇಲೆ ತಾಳೆಮರದ ತಲೆ. ಗುಡ್ಡ ಮಾತ್ರ ಒಂದು ತಿಂಗಳು ಎರಡು ಕಾಂಕ್ರೀಟ್ ಕಂಬದ ನಡುವೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅಲ್ಲಿ ಇಟ್ಟಿಗೆ ಕಟ್ಟಿದರು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಯಾರದೋ ಬಚ್ಚಲಿನ ಕಿಟಕಿ, ಕಿಟಕಿಯಲ್ಲಿ ಯಾರದೋ ಹಲ್ಲುಜ್ಜುವ ಬ್ರಶ್ಶು. ಓರಗಿತ್ತಿಗೆ ನೆಲ, ನನಗೆ ನೋಟ ಎಂದು ಹೇಗೋ ಸಮಾಧಾನ ಮಾಡಿಕೊಂಡಿದ್ದೆ. ಈಗ ನನ್ನದನ್ನು ಕಿತ್ತುಕೊಂಡು ಅವಳದನ್ನು ಬಿಟ್ಟಿದ್ದರು. ನಾನು ಅತ್ತುಬಿಟ್ಟೆ. ಇಷ್ಟು ವಯಸ್ಸಾಗಿ ಒಂದು ಗುಡ್ಡಕ್ಕೋಸ್ಕರ ಅಳುತ್ತಾರೆಯೇ ಎಂದು ನನ್ನ ಗಂಡ ನಕ್ಕರು.

ನೋಡಲು ಬೇರೇನೂ ಉಳಿಯದಿದ್ದಾಗ ನಾನು ಕೆಳಗೆ ನೋಡುವುದು ಹೆಚ್ಚಾಯಿತು. ಮಲ್ಲಿಗೆಯ ಯಾವ ಟೊಂಗೆಯಲ್ಲಿ ಮೊಗ್ಗು ದಟ್ಟವಾಗಿದೆ, ಹೀರೆಯ ಯಾವ ಕಾಯಿ ಎಲೆಯ ಕೆಳಗೆ ಅಡಗಿ ಬಲಿತುಹೋಗಿದೆ, ಎಲ್ಲ ನನಗೆ ಬಾಯಿಪಾಠ. ಅವಳಿಗೆ ಕಾಣದ ಕಾಯಿ ನನಗೆ ಕಾಣುತ್ತಿತ್ತು, ಹೇಳುತ್ತಿರಲಿಲ್ಲ. ಎದುರಿನ ಹೊಸ ಮನೆಗೆ ಬಂದ ಹೆಂಗಸೊಬ್ಬಳು ಒಂದು ಸಂಜೆ ತನ್ನ ಕಿಟಕಿಯಿಂದ ಬಗ್ಗಿ ಆ ತೋಟವನ್ನೇ ನೋಡುತ್ತ ನಿಂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ನೀನ್ಯಾರು ನೋಡುವುದಕ್ಕೆ ಎಂದು ಕೇಳುವ ಹಾಗಾಯಿತು. ಬಾಲ್ಕನಿಯಲ್ಲಿ ಒಣಗದಿದ್ದ ಬೆಡ್‌ಶೀಟನ್ನೆಲ್ಲ ತಂದು ಅಡ್ಡ ಹರವಿದೆ. ಆಮೇಲೆ ನನಗೂ ಕಾಣದೇ ಹೋಗಿ ತೆಗೆದೆ.

ಆ ಕಟ್ಟಡ ನನ್ನ ಗುಡ್ಡವನ್ನಷ್ಟೇ ನುಂಗಲಿಲ್ಲ. ಹಿತ್ತಿಲಿಗೆ ಬೆಳಗಿನ ಬಿಸಿಲು ಬರುತ್ತಿದ್ದದ್ದೂ ಆ ದಿಕ್ಕಿನಿಂದಲೇ. ಬರಬರುತ್ತ ಮಲ್ಲಿಗೆ ಎಲೆ ಬಿಟ್ಟಿತು, ಹೂ ಬಿಡಲಿಲ್ಲ. ಹೀರೆಯ ಬಳ್ಳಿ ಬೆಳಕು ಹುಡುಕಿಕೊಂಡು ಉದ್ದುದ್ದ ಹೋಗಿ ಕಾಯಿ ಹಿಡಿಯದೆ ಸೊರಗಿತು. ಮೊದಲ ಒಂದು ತಿಂಗಳು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಈಗ ಗೊತ್ತಾಗುತ್ತೆ ಅವಳಿಗೆ, ಎಂದುಕೊಂಡೆ. ಅದೇ ಸಮಯಕ್ಕೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಬೋರು ಬತ್ತಿ, ಬಿಂದಿಗೆ ಹಿಡಿದು ಟ್ಯಾಂಕರಿನ ಹಿಂದೆ ಓಡುವ ಕಾಲ ಅದು. ಅವಳು ಮುಖ ತೊಳೆದ ನೀರನ್ನೂ ಹಿಡಿದಿಟ್ಟು ಬಾಳೆಗೆ ಹಾಕುತ್ತಿದ್ದಳು. ಬಾಳೆ ಉಳಿಯಲಿಲ್ಲ. ಅದು ಬಿದ್ದ ದಿನ ಮೇಲಿನಿಂದ ನೋಡಿದಾಗ ಆ ಮೂಲೆ ಬೋಳಾಗಿತ್ತು. ನನಗೆ ಯಾಕೋ ಮಧ್ಯಾಹ್ನದ ಊಟ ಸೇರಲಿಲ್ಲ.

ಇನ್ನೂ ಕೆಲವು ವರ್ಷ ಕಳೆದವು. ಆರು ಮನೆಗೆ ನಾಲ್ಕು ಕಾರು ಬಂದವು. ನಮ್ಮದೂ ಒಂದು, ಮೈದುನನದೂ ಒಂದು. ರಸ್ತೆಯಲ್ಲಿ ನಿಲ್ಲಿಸಿದರೆ ಗೀಚು ಬೀಳುತ್ತದೆ, ಕನ್ನಡಿ ಹೋಗುತ್ತದೆ. ಒಂದು ಭಾನುವಾರ ತಾರಸಿಯ ಮೇಲೆ ಅಸೋಸಿಯೇಷನ್ ಮೀಟಿಂಗು ಕರೆದರು. ಮೊದಲ ಮಹಡಿಯ ನಿವೃತ್ತ ಅಧಿಕಾರಿಯೊಬ್ಬರು ನಮ್ಮ ಸೆಕ್ರೆಟರಿ. ತಮಿಳಿನಲ್ಲಿ ಅಚ್ಚುಕಟ್ಟಾಗಿ ವಿಷಯ ಮಂಡಿಸಿದರು: ಪಕ್ಕದ ಓಣಿಯ ಕಡೆಯ ಕಾಂಪೌಂಡ್ ಗೋಡೆ ಸ್ವಲ್ಪ ಒಡೆದು ದಾರಿ ಮಾಡಿ, ಹಿಂದಿನ ಜಾಗಕ್ಕೆ ಸಿಮೆಂಟು ಹಾಕಿ, ಮೇಲೆ ಶೀಟು ಹೊದಿಸಿದರೆ ನಾಲ್ಕೂ ಕಾರು ನಿಲ್ಲುತ್ತವೆ. ಎಲ್ಲರೂ ನನ್ನ ಓರಗಿತ್ತಿಯ ಕಡೆ ನೋಡಿದರು. ಅವಳು ಒಪ್ಪುವುದಿಲ್ಲ, ಅವಳನ್ನು ಹೇಗೆ ಒಪ್ಪಿಸುವುದು ಎನ್ನುವುದೇ ಎಲ್ಲರ ಚಿಂತೆ.

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು, "ಹಾಕ್ಬಿಡಿ" ಎಂದಳು. ತಮಿಳಿನಲ್ಲಿ ಹೇಳಿ ಮತ್ತೆ ನಮ್ಮ ಕಡೆ ತಿರುಗಿ ಕನ್ನಡದಲ್ಲೂ ಹೇಳಿದಳು. "ಬಿಸಿಲು ಬೀಳದ ಮಣ್ಣು ಇಟ್ಕೊಂಡು ಏನ್ಮಾಡೋದು? ಸೊಳ್ಳೆ ಬಿಟ್ರೆ ಏನೂ ಬೆಳೀತಿಲ್ಲ. ನಂಗೂ ಸಾಕಾಗೈತೆ."

ಯಾರೋ ಕೈ ಎತ್ತಿ ಎಂದರು. ಐದು ಕೈ ಎದ್ದವು. ನನ್ನ ಗಂಡ ನಮ್ಮ ಮನೆಯ ಪರವಾಗಿ ಎತ್ತಲು ಹೋದಾಗ ನಾನು ಅವರ ಮುಂಗೈ ಹಿಡಿದು ಕೆಳಕ್ಕೆಳೆದೆ.

"ನಾಂಗ ಒತ್ತುಕ್ಕ ಮಾಟ್ಟೋಂ" ಎಂದೆ. ನಾವು ಒಪ್ಪುವುದಿಲ್ಲ. ನನ್ನ ತಮಿಳು ತರಕಾರಿ ಗಾಡಿಯವರೆಗೆ ಮಾತ್ರ. ಅದಕ್ಕಿಂತ ಮುಂದೆ ಹೋಗುವುದಕ್ಕೆ ಬರುತ್ತಿರಲಿಲ್ಲ, ಆದ್ದರಿಂದ ಅದನ್ನೇ ಮೂರು ಸಲ ಹೇಳಿದೆ.

ನನ್ನ ಗಂಡನಿಗೆ ನಾಚಿಕೆಯಾಗಿ ಕಿವಿ ಕೆಂಪಾಯಿತು. "ಏನೇ ಇದು? ಆ ಜಾಗಕ್ಕೂ ನಿಂಗೂ ಏನು ಸಂಬಂಧ?" ಎಂದರು. ಓರಗಿತ್ತಿ ನನ್ನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. "ಅಕ್ಕ, ನೀವು ಒಂದಿನಾನೂ ಆ ಮಣ್ಣು ಮುಟ್ಟಿಲ್ವಲ್ಲ?"

"ಮುಟ್ಟಿಲ್ಲ. ನೋಡಿವ್ನಿ" ಎಂದೆ. ತಾರಸಿಯಲ್ಲಿ ಅಷ್ಟು ಜನರೆದುರು ನನ್ನ ಬಾಯಿಂದ ನಮ್ಮೂರಿನ ಮಾತು ಬಂದುಬಿಟ್ಟಿತು. "ದಿನಾ ನೋಡಿವ್ನಿ. ನೀನು ಒಂದೊಂದು ಗಿಡ ನೋಡ್ದೆ. ಇಡೀ ತೋಟ ನೋಡಿದ್ದು ನಾನೊಬ್ಳೇ."

ಅದನ್ನು ಹೇಳಿದ ಮೇಲೆಯೇ ನನಗೂ ತಿಳಿದದ್ದು. ಎಂಟು ಹತ್ತು ವರ್ಷ ನಾನು ಕರುಬಿದ್ದೇನೋ ನಿಜ, ಆದರೆ ಕರುಬುವುದಕ್ಕೆ ಅಲ್ಲಿ ಒಂದು ಹಸಿರು ಇರಬೇಕಿತ್ತಲ್ಲ. ಕೆರೆ ಹೋಯಿತು, ತಾಳೆ ಹೋಯಿತು, ಗುಡ್ಡ ಹೋಯಿತು. ಉಳಿದದ್ದು ಇದೊಂದು ಸೊಟ್ಟ ಮೂಲೆ. ಇದಕ್ಕೂ ಸಿಮೆಂಟು ಮೆತ್ತಿದರೆ ನಾನು ಬಾಲ್ಕನಿಗೆ ಹೋಗಿ ನಿಂತು ನೋಡುವುದೇನು, ಮಾರುತಿ ಕಾರಿನ ಮೇಲಿನ ತಗಡನ್ನೇ?

ಸೆಕ್ರೆಟರಿ ಸಮಾಧಾನದ ಮನುಷ್ಯ. "ಸರಿ ಅಮ್ಮ, ನಿಮ್ಮ ಆರನೇ ಒಂದು ಪಾಲಿಗೆ ನಾವು ಸಿಮೆಂಟು ಹಾಕುವುದಿಲ್ಲ. ಅದು ಎಲ್ಲಿದೆ ತೋರಿಸಿ" ಎಂದು ನಕ್ಕರು. ಎಲ್ಲರೂ ನಕ್ಕರು. ನಾನು ಚಪ್ಪಲಿ ಮೆಟ್ಟಿ ದಡದಡ ಇಳಿದು ಹೋದೆ. ಅವರೂ ಬಂದರು. ಓರಗಿತ್ತಿಯ ಅಡಿಗೆಮನೆ ದಾಟಿ, ಆ ಬಾಗಿಲಿನಿಂದ ಹೊರಗೆ ಕಾಲಿಟ್ಟು, ಮೊದಲ ಸಲ ಸರಿಯಾಗಿ ಆ ನೆಲದ ಮೇಲೆ ನಿಂತೆ. ಮೇಲಿನಿಂದ ದೊಡ್ಡದಾಗಿ ಕಾಣುತ್ತಿದ್ದದ್ದು ಇಷ್ಟೇ ಇಷ್ಟಿತ್ತು. ಕಾರು ತಿರುಗುವುದಕ್ಕೆ ಎಷ್ಟು ಬೇಕು, ಚಕ್ರ ಎಲ್ಲಿಯವರೆಗೆ ಬರುತ್ತದೆ ಎಂದು ಮೈದುನ ಹೆಜ್ಜೆ ಹಾಕಿ ಅಳೆದ. ಯಾವ ಚಕ್ರಕ್ಕೂ ಎಟುಕದ ಜಾಗ ಒಂದೇ ಉಳಿಯಿತು. ಅಡಿಗೆಮನೆಯ ಬಾಗಿಲ ಪಕ್ಕ, ಮೋರಿಯ ಅಂಚಿಗೆ, ಒಂದು ಚಾಪೆ ಹಾಸುವಷ್ಟು. ಅದನ್ನು ನನಗೆ ಬಿಟ್ಟರು. ಮಿಕ್ಕದ್ದಕ್ಕೆ ವಾರದೊಳಗೆ ಸಿಮೆಂಟು ಬಿತ್ತು.

ಮುಂದಿನ ಮಳೆಗಾಲದಲ್ಲಿ, ಮೊದಲು ಆ ಮಣ್ಣು ಸದ್ದಿಲ್ಲದೆ ಕುಡಿದುಬಿಡುತ್ತಿದ್ದ ನೀರೆಲ್ಲ ಸಿಮೆಂಟಿನ ಮೇಲೆ ನಿಂತು, ಕಾರುಗಳ ಹೊಟ್ಟೆ ಮುಟ್ಟಿ, ಓರಗಿತ್ತಿಯ ಅಡಿಗೆಮನೆಗೆ ನುಗ್ಗಿತು. ಅಕ್ಕಿ ಡಬ್ಬ ಹೊತ್ತುಕೊಂಡು ಅವರೆಲ್ಲ ನಮ್ಮ ಮನೆಗೆ ಹತ್ತಿ ಬಂದರು. ಎರಡು ದಿನ ನಾನು ಅಡಿಗೆ ಮಾಡಿ ಹಾಕಿದೆ. ಬಡಿಸುವಾಗ ಸ್ವಲ್ಪ ಜೋರಾಗಿಯೇ ಪಾತ್ರೆ ಇಟ್ಟೆ.

ಇನ್ನು ನನ್ನ ಪಾಲು. ಮೊದಲು ತುಳಸಿ ನೆಟ್ಟೆ, ಬಿಸಿಲಿಲ್ಲದೆ ಹೋಯಿತು. ಕನಕಾಂಬರ ನೆಟ್ಟೆ, ಅದೂ ಹೋಯಿತು. ಶುಕ್ರವಾರದ ಸಂತೆಯಲ್ಲಿ ನೆರಳಿಗೆ ಯಾವುದು ಬರುತ್ತದೆ ಎಂದು ಕೇಳಿ ಕೇಳಿ ಕೊನೆಗೆ ವೀಳ್ಯದೆಲೆಯ ಬಳ್ಳಿ ತಂದೆ. ಎದುರಿನ ಆ ಹಾಳು ಕಟ್ಟಡದ ನೆರಳೇ ಅದಕ್ಕೆ ಹಿಡಿಸಿತು. ಗಂಟಿನಿಂದ ಗಂಟಿಗೆ ಬೇರು ಬಿಟ್ಟು ಗೋಡೆ ಹಿಡಿದು ಏರತೊಡಗಿತು. ಎಲೆ ಒಂದೊಂದೂ ಅಂಗೈ ಅಗಲ. ನಾನು ದಿನವೂ ಬೆಳಿಗ್ಗೆ ಮನೆಗೆಲಸ ಅರ್ಧ ಮುಗಿಸಿ ಒಂದು ಚೊಂಬು ನೀರು ಹಿಡಿದು ಎರಡು ಮಹಡಿ ಇಳಿಯುತ್ತಿದ್ದೆ. ಓರಗಿತ್ತಿಯ ಬಾಗಿಲಿನ ಮುಂದೆಯೇ ನಿಂತು, ಅವಳಿಗೆ ಕಾಣಲಿ ಎಂದೇ, ನಿಧಾನವಾಗಿ ಹಾಕುತ್ತಿದ್ದೆ. ಅವಳು ಒಳಗಿನಿಂದ ನೋಡುತ್ತಿದ್ದಳು. ನೋಡಲಿ, ಎಷ್ಟೋ ವರ್ಷ ನಾನು ನೋಡಿಲ್ಲವೇ? ಮಂಡಿನೋವು ಆಗಲೇ ಶುರುವಾಗಿತ್ತು, ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಬದುಕಿನಲ್ಲಿ ಮೊದಲ ಸಲ ನನ್ನ ಕೈಯಲ್ಲೂ ಏನೋ ಚಿಗುರಿತ್ತು.

ಅದರ ಮರುವರ್ಷದ ವರಮಹಾಲಕ್ಷ್ಮಿ ಹಬ್ಬ. ಸಂಜೆ ಅರಿಶಿನ ಕುಂಕುಮಕ್ಕೆ ಓರಗಿತ್ತಿ ಕೆಳಗೆ ಕರೆದಳು. ಬೀದಿಯ ತಮಿಳು ಹೆಂಗಸರೂ ಬಂದಿದ್ದರು. ಅವಳು ಒಬ್ಬೊಬ್ಬರಿಗೂ ಕುಂಕುಮ ಇಟ್ಟು ತಾಂಬೂಲ ಕೊಡುತ್ತಿದ್ದಳು. ನನ್ನ ಸರದಿ ಬಂದಾಗ ನೋಡಿದೆ, ತೆಂಗಿನಕಾಯಿಯ ಕೆಳಗೆ ಇದ್ದ ಎಲೆ ಅಂಗಡಿಯದಲ್ಲ. ಆ ಕಡುಹಸಿರು, ಆ ಅಗಲ ನನಗೆ ಗೊತ್ತಿಲ್ಲದ್ದೇ? ಬೆಳಿಗ್ಗೆ ನಾನು ಹೋದಾಗ ಬಳ್ಳಿಯಲ್ಲಿ ದೊಡ್ಡ ಎಲೆಗಳೆಲ್ಲ ಖಾಲಿಯಾಗಿದ್ದವು.

"ಇದು ನನ್ನ ಬಳ್ಳಿದು" ಎಂದೆ.

"ಹೂಂ ಅಕ್ಕ, ನಿಮ್ದೇ" ಎಂದಳು, ಏನೂ ಆಗಿಲ್ಲ ಎಂಬಂತೆ. ಪಕ್ಕದಲ್ಲಿದ್ದ ಹೆಂಗಸು ಎಲೆ ಮುಟ್ಟಿ ನೋಡಿ, ಎಂಥ ಕೈಗುಣ ನಿಮ್ಮದು ಎಂದು ಅವಳನ್ನು ಹೊಗಳಿದಳು. ಓರಗಿತ್ತಿ ತಲೆಯಾಡಿಸಿ, ಬಳ್ಳಿ ಅಕ್ಕನದು, ನಾನು ನೀರು ಹಾಕುವುದಷ್ಟೇ ಎಂದಳು.

"ನೀರು ನಾನು ಹಾಕ್ತೀನಿ" ಎಂದೆ. ನನ್ನ ಧ್ವನಿ ಏರಿತ್ತು.

ಅವಳು ಕುಂಕುಮದ ಬೆರಳನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. "ನೀವು ಇಳಿದು ಬರೋ ಹೊತ್ತಿಗೆ ಬಿಸಿ ಏರಿರ್ತೈತಲ್ಲ ಅಕ್ಕ. ನಾನು ಬೆಳಿಗ್ಗೆನೇ ಎದ್ದು ಅಕ್ಕಿ ತೊಳೆದ ನೀರು ಹಾಕಿರ್ತೀನಿ, ಮೊದಲಿಂದಾನೂ. ನೀವು ಹಾಕೋದು ಹೆಚ್ಚಾಗಿ ಮೋರಿಗೆ ಹರಿದು ಹೋಗ್ತೈತೆ. ಹೇಳೋಣ ಅಂದ್ಕೊಂಡೆ. ನೀವು ಪಾಪ ಅಷ್ಟು ದೂರದಿಂದ ತರ್ತೀರಿ ಅಂತ ಸುಮ್ನಾದೆ."

ನಾನು ತಾಂಬೂಲ ಹಿಡಿದುಕೊಂಡು ಮೇಲೆ ಬಂದೆ. ಎಲೆಗಳನ್ನು ದೇವರ ಮುಂದೆ ಇಟ್ಟೆ. ತಿನ್ನಲಿಲ್ಲ, ಎಸೆಯಲೂ ಇಲ್ಲ.

ಮಾರನೆಯ ದಿನ ಹಾಲಿನವನು ಬರುವ ಮುಂಚೆ ಎದ್ದೆ. ಮುಖವನ್ನೂ ತೊಳೆಯದೆ ಚೊಂಬು ತುಂಬಿಸಿಕೊಂಡು, ಮಂಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಪಕ್ಕದ ಹೊಸ ದಾರಿಯಿಂದ ಹಿಂದಕ್ಕೆ ಹೋದೆ. ಓರಗಿತ್ತಿಯ ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಬಳ್ಳಿಯ ಬುಡ ಆಗಲೇ ಒದ್ದೆಯಾಗಿತ್ತು, ಮಣ್ಣಿನ ಮೇಲೆ ಅಕ್ಕಿ ತೊಳೆದ ನೀರಿನ ಬಿಳುಪು ಇನ್ನೂ ಇಂಗಿರಲಿಲ್ಲ. ಅದಕ್ಕೆ ಇನ್ನೊಂದು ಹನಿ ಹಾಕಿದರೂ ಬೇರು ಕೊಳೆಯುತ್ತದೆ. ತಂದ ನೀರನ್ನು ಎಲ್ಲಿ ಹಾಕುವುದೆಂದು ಚೊಂಬು ಹಿಡಿದು ಸುತ್ತ ನೋಡಿದೆ. ಎಲ್ಲ ಕಡೆಯೂ ಸಿಮೆಂಟಿತ್ತು.